ಕಾಲ್ ದ್ವೀಪದ ಮೇ ತಿಂಗಳು: ಮರಳ ಮೇಲಿನ ಕರಿ ಜೀರುಂಡೆ

ಸ್ಕಾಟ್ಲೆಂಡಿನ ಓಬನ್ ಬಂದರಿನಿಂದ ಕಾಲ್ ದ್ವೀಪಕ್ಕೆ ಫೆರ್ರಿಯಲ್ಲಿ ಮೂರು ತಾಸಿಗೆ ಸ್ವಲ್ಪ ಕಡಿಮೆ. ಹೆಚ್ಚಿನವರು ಆ ಹೊತ್ತನ್ನು ಒಳಗೆ ಬೆಚ್ಚಗೆ ಕೂತು ಕಳೆಯುತ್ತಾರೆ. ಹಕ್ಕಿ ಪಟ್ಟಿ ಬರೆಯಬೇಕೆನ್ನುವವರಿಗೆ ಡೆಕ್ಕೇ ಸರಿ. ಆರ್ಡ್‌ನಮರ್ಖನ್ ಭೂಶಿರ ಬಲಕ್ಕೆ ಸರಿದು ತೆರೆದ ಕಡಲು ಸಿಕ್ಕಿದ ಮೇಲೆ ಮ್ಯಾಂಕ್ಸ್ ಶಿಯರ್‌ವಾಟರ್‌ಗಳು ರೆಕ್ಕೆ ಬಡಿಯದೆ ಅಲೆಯ ಮೇಲೆ ವಾಲಿ ವಾಲಿ ಹಾರುತ್ತವೆ. ಉತ್ತರಕ್ಕಿರುವ ರಮ್ ದ್ವೀಪದ ಬೆಟ್ಟಗಳಲ್ಲಿ ಬಿಲ ತೋಡಿ ಮೊಟ್ಟೆಯಿಡುವ ಹಕ್ಕಿಗಳಿವು.

ಇಳಿಯುವುದು ಆರಿನಗೂರ್‌ನಲ್ಲಿ. ದ್ವೀಪದ ಉದ್ದ ಸುಮಾರು 20 ಕಿ.ಮೀ., ಅತಿ ಎತ್ತರದ ಬೆನ್ ಹೋ ಗುಡ್ಡ 106 ಮೀಟರ್. ಪೂರ್ವದಲ್ಲಿ ನೈಸ್ (gneiss) ಎಂಬ ಗಟ್ಟಿ ಬಂಡೆ ಮತ್ತು ಜೌಗು. ಅಲ್ಲಿ ಸಸ್ಯದ ಪಟ್ಟಿ ಬೇಗ ಮುಗಿಯುತ್ತದೆ. ಪಶ್ಚಿಮದ ಕಡಲಂಚು ಬೇರೆಯೇ ಲೋಕ. ಗಾಳಿ ತಂದು ಸುರಿದ ಚಿಪ್ಪಿನ ಪುಡಿಯೇ ಅಲ್ಲಿನ ಮರಳು, ಮಣ್ಣಿನಲ್ಲಿ ಸುಣ್ಣ ಧಾರಾಳ. ಈ ಹುಲ್ಲುಬಯಲಿಗೆ ಅಲ್ಲಿಯವರು ಮಾಖರ್ ಎನ್ನುತ್ತಾರೆ. ಫೋಟೋಗಳಲ್ಲಿ ಕಾಣುವ ಹೂವಿನ ಹಾಸು ಜೂನ್ ಮುಗಿಯುವ ಹೊತ್ತಿನದು. ಮೇ ಮೊದಲ ವಾರಗಳಲ್ಲಿ ಅದು ಸಿಗುವುದಿಲ್ಲ, ಅದಕ್ಕಾಗಿ ಬಂದವರು ಮುಖ ಸಣ್ಣ ಮಾಡಿಕೊಂಡು ಹೋಗುತ್ತಾರೆ. ಮೇ ತಿಂಗಳಲ್ಲಿರುವುದು ಪ್ರಿಮ್‌ರೋಸ್, ವಯೊಲೆಟ್, ಹಳ್ಳದ ಬದಿಯ ಮಾರ್ಷ್ ಮಾರಿಗೋಲ್ಡ್. ಪ್ರಿಮ್‌ರೋಸ್ ಗಿಡದ ಮುಂದೆ ಮಂಡಿಯೂರಿ ಹೂವಿನ ಗಂಟಲನ್ನು ನೋಡಿ: ಕೆಲವು ಗಿಡಗಳಲ್ಲಿ ಗುಂಡುಸೂಜಿಯ ತಲೆಯಂತೆ ಹಸಿರು ಶಲಾಕಾಗ್ರ (ಪರಾಗ ಹಿಡಿಯುವ ತುದಿ) ಮೇಲಿರುತ್ತದೆ, ಉಳಿದವುಗಳಲ್ಲಿ ಪರಾಗಕೋಶಗಳ ಗುಂಪು ಮೇಲಿದ್ದು ಶಲಾಕಾಗ್ರ ಕೆಳಗೆ ಅಡಗಿರುತ್ತದೆ. ಒಂದು ಬಗೆಯ ಗಿಡ ಇನ್ನೊಂದು ಬಗೆಯ ಪರಾಗದಿಂದಲೇ ಚೆನ್ನಾಗಿ ಕಾಳು ಕಟ್ಟುತ್ತದೆ ಎಂದು ಡಾರ್ವಿನ್ 1862ರಲ್ಲೇ ಬರೆದಿದ್ದ. ಐವತ್ತು ಗಿಡ ನೋಡಿ ಎರಡೂ ಬಗೆಯನ್ನು ಬೇರೆಬೇರೆ ಎಣಿಸಿ ಬರೆದರೆ ಬರೀ ‘ಪ್ರಿಮ್‌ರೋಸ್ ಇದೆ’ ಎನ್ನುವುದಕ್ಕಿಂತ ಎಷ್ಟೋ ಉಪಯುಕ್ತ ದಾಖಲೆ.

ಆದರೆ ಕಾಲ್‌ಗೆ ಹೋಗಲೇಬೇಕಾದದ್ದು ಒಂದು ಜೀರುಂಡೆಗಾಗಿ. ಕುಳ್ಳು ಕತ್ತಿನ ಆಯಿಲ್ ಬೀಟಲ್. ಬ್ರಿಟನ್ನಿನಿಂದ ಅಳಿದೇಹೋಯಿತು ಎಂದು ಎಲ್ಲರೂ ಕೈಬಿಟ್ಟಿದ್ದ ಹುಳು ಈ ಶತಮಾನದ ಮೊದಲ ದಶಕದಲ್ಲಿ ಇಂಗ್ಲೆಂಡಿನ ದಕ್ಷಿಣ ಡೆವನ್‌ನಲ್ಲಿ ಮತ್ತೆ ಕಂಡಿತು. ಆಮೇಲೆ ಸಿಕ್ಕಿದ್ದು ಎಲ್ಲೋ ಹತ್ತಿರದಲ್ಲಲ್ಲ, ನೂರಾರು ಕಿ.ಮೀ. ಉತ್ತರದ ಈ ದ್ವೀಪದಲ್ಲಿ. ತೊಗರಿ ಹೂ ತಿನ್ನಲು ಬರುವ ಕಪ್ಪು-ಕಿತ್ತಳೆ ಪಟ್ಟೆಯ ಜೀರುಂಡೆಯನ್ನು ಕಲಬುರಗಿ ಕಡೆಯ ರೈತರು ಚೆನ್ನಾಗಿ ಬಲ್ಲರು. ಇದು ಅದೇ ಕುಟುಂಬದ್ದು, ಬಣ್ಣ ಮಾತ್ರ ಅಪ್ಪಟ ಕಪ್ಪು. ಮೊಟ್ಟೆ ತುಂಬಿದ ಹೆಣ್ಣಿನ ಹೊಟ್ಟೆ ಊದಿಕೊಂಡು, ಮೊಟಕು ರೆಕ್ಕೆಕವಚದಿಂದ ಹೊರಗೆ ಚಾಚಿಕೊಂಡಿರುತ್ತದೆ. ಅದು ಹಾರಲಾರದು, ಮರಳಿನಲ್ಲಿ ಗುಳಿ ತೋಡಿ ಮೊಟ್ಟೆ ಹಾಕುತ್ತದೆ. ಹೊರಬಂದ ಮರಿಗಳು ಹೂವಿಗೆ ಹತ್ತಿ ಕಾಯುತ್ತವೆ. ಗುಂಪು ಕಟ್ಟದೆ ಒಂಟಿಯಾಗಿ ಗೂಡು ಮಾಡುವ ಜೇನು ಬಂದರೆ ಅದರ ಮೈಗೂದಲಿಗೆ ಜೋತುಬಿದ್ದು ಗೂಡು ಸೇರಿ, ಜೇನಿನ ಮೊಟ್ಟೆಯನ್ನೂ ಕೂಡಿಟ್ಟ ಪರಾಗವನ್ನೂ ತಿಂದು ಬೆಳೆಯುತ್ತವೆ. ಜೇನಿಲ್ಲದ ಕಡೆ ಈ ಹುಳುವಿಲ್ಲ, ಹೂವಿಲ್ಲದ ಕಡೆ ಎರಡೂ ಇಲ್ಲ.

ಹುಡುಕಲು ಬಲೆ ಬೇಡ. ಬಿಸಿಲು ಬಿದ್ದು ಗಾಳಿ ತಗ್ಗಿದ ಹೊತ್ತಿನಲ್ಲಿ, ಮರಳುದಿಬ್ಬದ ಒಳಬದಿಯ ಕಾಲುದಾರಿಗಳಲ್ಲಿ, ಗಿಡ್ಡ ಹುಲ್ಲಿನ ನಡುವೆ ಮಣ್ಣು ಕಾಣುವ ಕಡೆ ನೆಲ ನೋಡುತ್ತಾ ನಿಧಾನ ನಡೆಯಬೇಕು, ಅಷ್ಟೆ. ಕಾಲಿಡುವ ಮುನ್ನವೇ ನೋಡಿ, ತುಳಿತಕ್ಕೆ ಸಿಗುವುದೂ ಇದೇ ದಾರಿಗಳಲ್ಲಿ. ಕೈಯಲ್ಲಿ ಎತ್ತಬೇಡಿ: ಕಾಲಿನ ಸಂದುಗಳಿಂದ ಜಿನುಗುವ ಎಣ್ಣೆಯಂಥ ದ್ರವದಲ್ಲಿ ಕ್ಯಾಂಥರಿಡಿನ್ ಎಂಬ ವಿಷ ಇರುತ್ತದೆ, ಚರ್ಮ ಬೊಬ್ಬೆ ಏಳುತ್ತದೆ. ಫೋಟೋ ನೇರ ಮೇಲಿನಿಂದ ತೆಗೆಯಿರಿ. ಕತ್ತು ಮತ್ತು ಮೀಸೆ ಎರಡೂ ಸ್ಪಷ್ಟವಾಗಿರಲಿ. ಗಂಡಿನ ಮೀಸೆ ನಡುವೆ ಕೊಕ್ಕೆಯಂತೆ ಬಾಗಿದ್ದರೆ ಅದು ‘ಕಪ್ಪು’ ಇಲ್ಲವೆ ‘ನೇರಳೆ’ ಎಂಬ ಹೆಸರಿನ ಬೇರೆ ಆಯಿಲ್ ಬೀಟಲ್ ಜಾತಿ. ಮಣಿ ಪೋಣಿಸಿದ ಹಾಗೆ ನೇರವಾಗಿದ್ದು, ಕತ್ತು ಉದ್ದಕ್ಕಿಂತ ಅಗಲವಾಗಿದ್ದರೆ ನೀವು ಹುಡುಕಿಬಂದದ್ದೇ ಸಿಕ್ಕಿರಬಹುದು. ಪಕ್ಕದಿಂದ ತೆಗೆದ ಕಲಾತ್ಮಕ ಫೋಟೋ ಕ್ಯಾಲೆಂಡರಿಗೆ ಸರಿ, ದಾಖಲೆ ಪರಿಶೀಲಿಸುವ ತಜ್ಞರಿಗೆ ಪ್ರಯೋಜನವಿಲ್ಲ.

ರಾತ್ರಿಯ ಕೆಲಸ ಕಾರ್ನ್‌ಕ್ರೇಕ್‌ನದು. ಏಪ್ರಿಲ್ ಕೊನೆಗೆ ಆಫ್ರಿಕಾದಿಂದ ಬರುವ ಈ ಹಕ್ಕಿ, ಹುಲ್ಲು ಇನ್ನೂ ಬೆಳೆದಿರದ ಕಾರಣ ಹಳದಿ ಐರಿಸ್ ಎಲೆಗಳ ಮರೆಯಲ್ಲಿರುತ್ತದೆ. ಕೂಗು ಬಾಚಣಿಗೆಯ ಹಲ್ಲಿನ ಮೇಲೆ ಉಗುರೆಳೆದಂತೆ, ಎರಡೆರಡು ಬಾರಿ. ಎಣಿಸಲು ಒಳ್ಳೆಯ ಹೊತ್ತು ನಡುರಾತ್ರಿಯಿಂದ ಮೂರರವರೆಗೆ. ಕೂಗುವಾಗ ಹಕ್ಕಿ ತಲೆ ತಿರುಗಿಸುವುದರಿಂದ ಒಮ್ಮೆ ಹತ್ತಿರ, ಒಮ್ಮೆ ದೂರ ಅನ್ನಿಸಿ ಒಂದನ್ನೇ ಎರಡೆಂದು ಬರೆಯುವವರು ಬಹಳ. ರಸ್ತೆಯ ಮೇಲೆಯೇ ನೂರಿನ್ನೂರು ಮೀಟರ್ ಅಂತರದ ಎರಡು ಕಡೆ ನಿಂತು, ದಿಕ್ಸೂಚಿಯಿಂದ ದಿಕ್ಕು ಹಿಡಿದು, ನಕ್ಷೆಯ ಮೇಲೆ ಗೆರೆಗಳು ಕೂಡುವ ಜಾಗ ಗುರುತಿಸಿ. ‘ಜೋಡಿ’ ಎಂದು ಬರೆಯಬೇಡಿ, ಕೇಳಿದ್ದು ಕೂಗುವ ಗಂಡು ಮಾತ್ರ. ಫೋನಿನಿಂದ ಕೂಗು ಹಾಕಿ ಕರೆಯುವುದು ಹೊಲಸು ಚಾಳಿ; ಬ್ರಿಟನ್ನಿನ 1981ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಈ ಹಕ್ಕಿಯನ್ನು ಗೂಡಿನ ಬಳಿ ಕೆಣಕಿದರೆ ಅಪರಾಧವೂ ಹೌದು.

ದಾಖಲೆ ಹಾಳಾಗುವುದು ಹೆಚ್ಚಾಗಿ ಜಾಗ ಬರೆಯುವಾಗ. ಬ್ರಿಟಿಷ್ ಗ್ರಿಡ್‌ನಲ್ಲಿ (ನಕ್ಷೆಯ ಮೇಲಿನ ಚೌಕಗಳ ಜಾಲದಲ್ಲಿ) ಕಾಲ್ ಇರುವುದು ಎನ್‌ಎಮ್ ಚೌಕದಲ್ಲಿ. ಪೂರ್ವದ ಅಂಕಿ ಮೊದಲು, ಉತ್ತರದ್ದು ಆಮೇಲೆ. ಪಶ್ಚಿಮ ಕರಾವಳಿಯ 1656ನ್ನು ತಿರುಗಿಸಿ 5616 ಎಂದು ಬರೆದರೆ ನಿಮ್ಮ ಜೀರುಂಡೆ ಮಲ್ ದ್ವೀಪದ ದಕ್ಷಿಣದ ಕಡಲಿನಲ್ಲಿ ಈಜುತ್ತಿರುತ್ತದೆ! ಆರು ಅಂಕಿ ಕೊಟ್ಟರೆ ನೂರು ಮೀಟರಿನ ಚೌಕ, ಎಂಟು ಕೊಟ್ಟರೆ ಹತ್ತು ಮೀಟರಿನದು. ಗಿಡಕ್ಕೂ ಜೀರುಂಡೆಗೂ ಎಂಟು ಕೊಡಿ. ಸಿಗ್ನಲ್ ಎಲ್ಲೆಡೆ ಸಿಗುವುದಿಲ್ಲ, ನಕ್ಷೆಯನ್ನು ಓಬನ್‌ನಲ್ಲೇ ಇಳಿಸಿಕೊಳ್ಳಿ. ಏನು, ಎಲ್ಲಿ, ಯಾವಾಗ, ಯಾರು – ನಾಲ್ಕನ್ನೂ ಸ್ಥಳದಲ್ಲೇ ಪೆನ್ಸಿಲಿನಲ್ಲಿ ಬರೆಯಿರಿ, ಮಳೆಗೆ ಪೆನ್ನಿನ ಶಾಯಿ ಕದಡುತ್ತದೆ. ಮನೆಗೆ ಬಂದ ಮೇಲೆ ವನ್ಯಜೀವಿ ದಾಖಲೆಗಳ ಜಾಲತಾಣ ಐರೆಕಾರ್ಡ್‌ಗೆ ಹಾಕಿದರೆ ತಜ್ಞರು ಪರಿಶೀಲಿಸುತ್ತಾರೆ.

ಹುಲ್ಲಿನಲ್ಲಿ ಕೂತವರು ಸಂಜೆ ಮೊಣಕಾಲಿನ ಹಿಂದೆ, ಸೊಂಟದಲ್ಲಿ ರಕ್ತ ಹೀರುವ ಉಣ್ಣೆ ಹುಳು ಹುಡುಕಿ, ಅದನ್ನು ತೆಗೆಯುವ ಪುಟ್ಟ ಕೊಕ್ಕೆಯಿಂದ ಕೀಳಬೇಕು. ಲೈಮ್ ಕಾಯಿಲೆ ಹರಡುವುದು ಇವುಗಳಿಂದಲೇ. ಗಾಳಿ ಜೋರಾದರೆ ಫೆರ್ರಿ ಬರುವುದಿಲ್ಲ. ವಾಪಸ್ ವಿಮಾನದ ಟಿಕೆಟನ್ನು ದ್ವೀಪ ಬಿಡುವ ದಿನಕ್ಕೇ ತೆಗೆದರೆ ದುಡ್ಡು ಹೋದಂತೆಯೇ, ನಡುವೆ ಎರಡು ದಿನ ಬಿಡಿ.