ಅಪ್ಪ ಮತ್ತೆ ಹುಟ್ಟಿದ್ದರೆ ಪಿಂಡ ಯಾರಿಗೆ?

ಅಪ್ಪ ಹೋದ ಮೇಲೆ ನನ್ನನ್ನು ಬಿಡದೆ ಕಾಡಿದ ಪ್ರಶ್ನೆ ಇದು. ಸತ್ತವನಿಗೆ ಮತ್ತೆ ಹುಟ್ಟು ತಪ್ಪಿದ್ದಲ್ಲ ಅಂತ ಗೀತೆಯ ಎರಡನೇ ಅಧ್ಯಾಯ ಹೇಳುತ್ತದೆ. ಹಾಗಾದರೆ ಅಪ್ಪ ಇಷ್ಟು ಹೊತ್ತಿಗೆ ಯಾರದೋ ಮನೆಯಲ್ಲಿ ಮಗುವಾಗಿ ಆಡುತ್ತಿರಬಹುದು, ಅಲ್ವಾ? ಮತ್ತೆ ಅಣ್ಣ ವರ್ಷ ವರ್ಷ ತಿಥಿಯಲ್ಲಿ ಇಡುವ ಪಿಂಡ ತಲುಪುವುದು ಯಾರಿಗೆ?

ಓದುತ್ತಾ ಹೋದರೆ ಗೊಂದಲ ಜಾಸ್ತಿಯೇ ಆಗುತ್ತದೆ. ಋಗ್ವೇದದ ಹತ್ತನೇ ಮಂಡಲದಲ್ಲಿ ಯಮ ಅಂದರೆ ಸತ್ತವರಿಗೆ ಮೊದಲು ದಾರಿ ಕಂಡುಕೊಂಡವನು. ಹೋದವರು ಅವನ ಲೋಕದಲ್ಲಿ ಹಿರಿಯರ ಜೊತೆ ಸೇರುತ್ತಾರೆ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯರು ಹುಲ್ಲಿನ ಮೇಲಿನ ಹುಳದ ಮಾತು ಹೇಳುತ್ತಾರೆ: ಅದು ತುದಿ ತಲುಪಿ, ಮುಂದಿನ ಹುಲ್ಲನ್ನು ಹಿಡಿದ ಮೇಲೆಯೇ ಹಿಂದಿನದನ್ನು ಬಿಡುತ್ತದೆ, ಆತ್ಮವೂ ಹಾಗೆ. ಛಾಂದೋಗ್ಯ ಉಪನಿಷತ್ತಿನಲ್ಲಿ ದಾರಿ ಇನ್ನೂ ಉದ್ದ. ಹೊಗೆಯಿಂದ ಚಂದ್ರಲೋಕಕ್ಕೆ ಹೋಗಿ, ಪುಣ್ಯ ಮುಗಿಯುವ ತನಕ ಅಲ್ಲಿದ್ದು, ಮಳೆಯಾಗಿ ಸುರಿದು, ಬೆಳೆಯಾಗಿ, ಅನ್ನವಾಗಿ ಮತ್ತೆ ಹುಟ್ಟಬೇಕು. ಗರುಡಪುರಾಣವಂತೂ ವೈತರಣಿ ನದಿ ದಾಟುವ ಒಂದು ವರ್ಷದ ಪ್ರಯಾಣ ಹೇಳುತ್ತದೆ. ಅದರ ನರಕಗಳ ವರ್ಣನೆಯನ್ನು ಸಾವಿನ ಮನೆಯಲ್ಲಿ ಕೂತು ಓದುವುದು ನನಗೆ ಒಂದಿಷ್ಟೂ ಒಪ್ಪಿಗೆಯಿಲ್ಲ. ಅಮ್ಮನ ಮುಂದೆ ಅದನ್ನು ಓದಲು ನಾನು ಬಿಡಲೇ ಇಲ್ಲ.

ಹನ್ನೆರಡನೇ ದಿನದ ಸಪಿಂಡೀಕರಣ, ಅಂದರೆ ಹೋದವರನ್ನು ಹಿಂದಿನ ಪಿತೃಗಳ ಜೊತೆ ಸೇರಿಸುವ ಕರ್ಮ, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಆಯಿತು. ನಾನು ಹಿಂದೆ ನಿಂತು ನೋಡುತ್ತಿದ್ದೆ. ಅಣ್ಣ ಜನಿವಾರವನ್ನು ಬಲ ಹೆಗಲಿಗೆ ಹಾಕಿಕೊಂಡು ದಕ್ಷಿಣಕ್ಕೆ ಮುಖ ಮಾಡಿ ಕೂತಿದ್ದ. ತಾತ, ಮುತ್ತಾತ, ಅವರಪ್ಪ, ಈ ಮೂವರಿಗೆ ಮೂರು ದುಂಡು ಪಿಂಡ. ಅಪ್ಪನದು ಮಾತ್ರ ಉದ್ದಕ್ಕೆ, ಬೇರೆಯಾಗಿ. ಶಾಸ್ತ್ರಿಗಳು ಹೇಳಿದ ಹಾಗೆ ಅಣ್ಣ ಅಪ್ಪನ ಪಿಂಡವನ್ನು ದರ್ಭೆಯಿಂದ ಮೂರು ಭಾಗ ಮಾಡಿದ. ಒಂದೊಂದು ಭಾಗವನ್ನು ಒಂದೊಂದು ದುಂಡಿಗೆ ಸೇರಿಸಿ ಮೆತ್ತಗೆ ಕಲಸಿದ. ಎಳ್ಳು ಅಂಟಿದ ಅವನ ಬೆರಳು ನಡುಗುತ್ತಿತ್ತು. ಆಮೇಲೆ ನೋಡಿದರೆ ಅಪ್ಪನ ಅನ್ನ ಯಾವುದು, ತಾತನ ಅನ್ನ ಯಾವುದು ಗೊತ್ತಾಗಲಿಲ್ಲ. ಅಲ್ಲಿಯ ತನಕ ಮಂತ್ರದಲ್ಲಿ ಅಪ್ಪ ‘ಪ್ರೇತ’. ಅಲ್ಲಿಂದ ಮುಂದೆ ‘ಪಿತೃ’. ಆ ಮೊದಲಿನ ಪದವನ್ನು ಅಷ್ಟು ದಿನ ಕೇಳಿ ಕೇಳಿ ನನ್ನ ಕರುಳು ಹಿಂಡಿ ಹೋಗಿತ್ತು.

ಊಟ ಆದ ಮೇಲೆ ಶಾಸ್ತ್ರಿಗಳನ್ನು ನೇರವಾಗಿ ಕೇಳಿಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. “ನೋಡಮ್ಮ, ತಂದೆ ವಸು ರೂಪ, ತಾತ ರುದ್ರ ರೂಪ, ಮುತ್ತಾತ ಆದಿತ್ಯ ರೂಪ ಅಂತ ಹೇಳ್ತೀವಲ್ಲ? ನೀವು ಕೊಟ್ಟಿದ್ದನ್ನ ತಗೊಳ್ಳೋದು ಆ ದೇವತೆಗಳು. ನಿಮ್ಮ ತಂದೆ ಎಲ್ಲಿದ್ದರೆ ಅಲ್ಲಿಗೆ ಮುಟ್ಟಿಸೋದು ಅವರ ಕೆಲಸ” ಅಂದರು. ಮತ್ಸ್ಯಪುರಾಣದಲ್ಲೂ ಈ ಮಾತಿದೆ. ಹೋದವರು ದೇವರಾಗಿದ್ದರೆ ಶ್ರಾದ್ಧದ ಅನ್ನ ಅವರಿಗೆ ಅಮೃತವಾಗುತ್ತದೆ, ಪಶುವಾಗಿ ಹುಟ್ಟಿದ್ದರೆ ಹುಲ್ಲಾಗುತ್ತದೆ. ಹಾಗಿದ್ದ ಮೇಲೆ ಅಪ್ಪ ಯಾರದೋ ಮನೆಯ ಮಗುವಾಗಿದ್ದರೂ ನಮ್ಮ ಕೈತುತ್ತು ಅವರಿಗೆ ಸಿಗುತ್ತದೆ. ನಾನು ಇದನ್ನು ಪೂರ್ತಿ ನಂಬುತ್ತೇನೆ.

ಇನ್ನೊಂದು ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ನಾವು ಸ್ಮಾರ್ತರು. ಕೊನೆಗೆ ಆತ್ಮ, ಬ್ರಹ್ಮ ಎರಡೂ ಒಂದೇ, ಬೇರೆಯಾಗಿ ಉಳಿಯುವ ‘ಅಪ್ಪ’ ಅಂತ ಯಾರೂ ಇಲ್ಲ ಅಂತ ಶಂಕರರ ಮಾತು ಕೇಳಿಕೊಂಡೇ ಬೆಳೆದವಳು ನಾನು. ಆದರೆ ಅಪ್ಪನ ವಿಷಯ ಬಂದರೆ ಮನಸ್ಸು ಮಧ್ವಾಚಾರ್ಯರ ಕಡೆ ವಾಲುತ್ತದೆ. ಅವರ ಪ್ರಕಾರ ಮೋಕ್ಷದಲ್ಲೂ ಪ್ರತಿಯೊಂದು ಜೀವ ಬೇರೆ ಬೇರೆಯೇ. ಅಪ್ಪ ಅಪ್ಪನಾಗಿಯೇ ಇರಲಿ ಅನ್ನುವುದು ಮಗಳ ಆಸೆ. ಅದನ್ನು ಸುಮ್ನೆ ಮೋಹ ಅಂತ ತಳ್ಳಿಹಾಕಲು ನನಗೆ ಆಗುವುದಿಲ್ಲ.

ನನ್ನ ಲಿಂಗಾಯತ ಗೆಳತಿಯ ಮನೆಯಲ್ಲಿ ತಿಥಿಯೂ ಇಲ್ಲ, ಪಿಂಡವೂ ಇಲ್ಲ. ಅವಳ ತಾಯಿಯನ್ನು ಕೂರಿಸಿ ಸಮಾಧಿ ಮಾಡಿದರು. “ಲಿಂಗೈಕ್ಯ ಆದ ಮೇಲೆ ಇನ್ನೆಲ್ಲಿಗೆ ಹೋಗ್ತಾರೆ?” ಅನ್ನುತ್ತಾಳೆ. ಅವಳ ನೆಮ್ಮದಿ ನೋಡಿದರೆ ಗೌರವ ಬರುತ್ತದೆ. ನನಗೆ ಮಾತ್ರ ಅಪ್ಪನಿಗೆ ಏನಾದರೂ ಕೊಡುತ್ತಲೇ ಇರಬೇಕು.

ಅದಕ್ಕೊಂದು ದಾರಿಯೂ ಇದೆ. ಮಹಾಲಯ ಅಮಾವಾಸ್ಯೆಯ ಮರುದಿನ, ನವರಾತ್ರಿಯ ಮೊದಲ ದಿನ, ಮಗಳ ಮಗ ತಾಯಿಯ ತಂದೆಗೆ ಶ್ರಾದ್ಧ ಮಾಡಬಹುದು. ಹುಡುಗನ ತಂದೆ ಬದುಕಿದ್ದರೂ ಅಡ್ಡಿಯಿಲ್ಲ. ಈ ಸಲ ನನ್ನ ಮಗ ಕೂರುತ್ತಾನೆ. ಶಾಸ್ತ್ರಿಗಳಿಗೆ ಈಗಲೇ ಹೇಳಿಟ್ಟಿದ್ದೇನೆ. ಅಪ್ಪ, ತಾತ, ಮುತ್ತಾತ, ಮೂವರ ಹೆಸರು, ಗೋತ್ರ ಎಲ್ಲ ಒಂದು ಹಾಳೆಯಲ್ಲಿ ಬರೆದು ಅವನ ಕೈಗೆ ಕೊಟ್ಟೂ ಆಯಿತು.