ಹ್ಯಾನಿಬಲ್‌ನಲ್ಲಿ ಹಕ್ ಫಿನ್‌ನ ಹುಡುಕುತ್ತಾ

ಅಮೆರಿಕದ ಮಿಸೌರಿಯಲ್ಲಿ, ಸೇಂಟ್ ಲೂಯಿಸ್‌ನಿಂದ ಹೈವೇ 61 ಹಿಡಿದು ಉತ್ತರಕ್ಕೆ ಹೋದರೆ ಮಾರ್ಕ್ ಟ್ವೇನ್ ಬೆಳೆದ ಊರು ಹ್ಯಾನಿಬಲ್ ಸುಮಾರು ಎರಡು ಗಂಟೆಯ ದಾರಿ. ಮೆಕ್ಕೆಜೋಳ, ಸೋಯಾ ಹೊಲಗಳು ಮುಗಿಯೋದೇ ಇಲ್ಲ. ನಡುವೆ ಪೈಕ್ ಕೌಂಟಿ ಬರುತ್ತದೆ. ‘ಅಡ್ವೆಂಚರ್ಸ್ ಆಫ್ ಹಕಲ್‌ಬೆರಿ ಫಿನ್’ ಓದಿದವರಿಗೆ ಈ ಹೆಸರು ಗೊತ್ತು. ಪುಸ್ತಕದ ಶುರುವಿನಲ್ಲೇ ಮಾರ್ಕ್ ಟ್ವೇನ್ ಒಂದು ಟಿಪ್ಪಣಿ ಕೊಟ್ಟಿದ್ದಾರೆ. ಮಿಸೌರಿಯ ಕಪ್ಪು ಜನರ ಮಾತು, ಕಾಡಂಚಿನವರ ಮಾತು, ಪೈಕ್ ಕೌಂಟಿಯ ಮಾತು, ಅದರಲ್ಲೇ ಇನ್ನೂ ನಾಲ್ಕು ಬಗೆ, ಇದ್ಯಾವುದನ್ನೂ ಅಂದಾಜಿನ ಮೇಲೆ ಬರೆದಿಲ್ಲ ಅಂತ. 1885ರಲ್ಲಿ ಅಮೆರಿಕದಲ್ಲಿ ಪುಸ್ತಕ ಬಂದಾಗ ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಊರಿನ ಲೈಬ್ರರಿ ಅದನ್ನು ಇಡೋದೇ ಇಲ್ಲ ಅಂದಿತು. ಹೀಗೆ ಬೀದಿಯಲ್ಲಿ ಆಡುವ ಮಾತನ್ನೇ ಇಡೀ ಕಾದಂಬರಿಗೆ ತಂದದ್ದು ಅವರಿಗೆ ಒರಟಾಗಿ ಕಂಡಿತ್ತು.

ಸ್ಯಾಮ್ಯುಯೆಲ್ ಕ್ಲೆಮೆನ್ಸ್, ಅಂದರೆ ಟ್ವೇನ್, ನಾಲ್ಕು ವರ್ಷದ ಹುಡುಗನಾಗಿ 1839ರಲ್ಲಿ ಈ ಊರಿಗೆ ಬಂದರು. ಹಿಲ್ ಸ್ಟ್ರೀಟ್‌ನಲ್ಲಿ ಅವರ ಮನೆ ಇದೆ, ಬಿಳಿ ಹಲಗೆಯ ಎರಡಂತಸ್ತಿನ ಮನೆ. ಪಕ್ಕದಲ್ಲಿ ಬೇಲಿ, ಟ್ವೇನ್ ಅವರ ಇನ್ನೊಂದು ಕಾದಂಬರಿಯ ನಾಯಕ ಟಾಮ್ ಸಾಯರ್ ಉಪಾಯದಿಂದ ಗೆಳೆಯರ ಕೈಲಿ ಬಣ್ಣ ಬಳಿಸಿದ್ದು ಇಂಥದ್ದಕ್ಕೇ. ಜನ ಅಲ್ಲೇ ಜಾಸ್ತಿ. ಊರು ತುಂಬಾ ಟಾಮ್‌ನ ಹೆಸರು, ಅದು ಚೆಂದವೇ. ಆದರೆ ನಾನು ಹೋಗಿದ್ದು ಅವನ ಗೆಳೆಯ ಹಕ್‌ಗಾಗಿ, ‘ಹಕಲ್‌ಬೆರಿ ಫಿನ್’ನ ಕಥೆ ಹೇಳುವ ಹುಡುಗನಿಗಾಗಿ.

ಮನೆಯಿಂದ ಇಳಿದು ನಾಲ್ಕು ಹೆಜ್ಜೆ ನಡೆದರೆ ಹಿಲ್ ಮತ್ತು ಮೇನ್ ಸ್ಟ್ರೀಟ್ ಸೇರುವ ಮೂಲೆ. ನಾನು ಜಾಸ್ತಿ ಹೊತ್ತು ನಿಂತಿದ್ದು ಇಲ್ಲೇ. 1845ರ ಜನವರಿಯಲ್ಲಿ ವಿಲಿಯಂ ಓಸ್ಲಿ ಅನ್ನುವ ವ್ಯಾಪಾರಿ ಸ್ಯಾಮ್ ಸ್ಮಾರ್ ಅನ್ನುವವನನ್ನು ಇದೇ ಜಾಗದಲ್ಲಿ ಹಾಡಹಗಲೇ ಗುಂಡಿಟ್ಟು ಕೊಂದ. ಸ್ಮಾರ್ ಕುಡಿದಾಗ ಬೀದಿಯಲ್ಲಿ ನಿಂತು ಅವನನ್ನು ಬೈಯುತ್ತಿದ್ದನಂತೆ, ಅಷ್ಟೇ. ಸಾಕ್ಷಿಗಳ ಹೇಳಿಕೆ ಬರೆದುಕೊಂಡದ್ದು ಟ್ವೇನ್ ಅವರ ತಂದೆ, ಅವರು ಆಗ ಊರಿನ ಜಸ್ಟಿಸ್ ಆಫ್ ದಿ ಪೀಸ್, ಅಂದರೆ ಸ್ಥಳೀಯ ನ್ಯಾಯಾಧಿಕಾರಿ. ಓಸ್ಲಿಗೆ ಶಿಕ್ಷೆ ಆಗಲಿಲ್ಲ. ಮಗನಿಗೆ ಆಗ ಒಂಬತ್ತು ವರ್ಷ. ನನ್ನ ಹೆಂಡತಿ ಒಮ್ಮೆ ಮನೆ ಕಡೆ, ಒಮ್ಮೆ ಮೂಲೆ ಕಡೆ ನೋಡಿ, “ಇಷ್ಟು ಹತ್ತಿರಾನೇನ್ರೀ?” ಅಂದಳು.

ಕಾದಂಬರಿಯ 21ನೇ ಅಧ್ಯಾಯದಲ್ಲಿ ಸ್ಮಾರ್ ಬಾಗ್ಸ್ ಆಗುತ್ತಾನೆ, ಓಸ್ಲಿ ಕರ್ನಲ್ ಶೆರ್ಬರ್ನ್ ಆಗುತ್ತಾನೆ. ಗುಂಡು ಬಿದ್ದ ಬಾಗ್ಸ್‌ನನ್ನು ಅಂಗಡಿಯೊಳಗೆ ಮಲಗಿಸುತ್ತಾರೆ. ತಲೆಯ ಕೆಳಗೆ ಒಂದು ದೊಡ್ಡ ಬೈಬಲ್, ಎದೆಯ ಮೇಲೆ ಇನ್ನೊಂದು ಬೈಬಲ್ ಬಿಚ್ಚಿ ಇಡುತ್ತಾರೆ. ಉಸಿರು ಎಳೆದಾಗ ಆ ಪುಸ್ತಕ ಮೇಲೇಳುತ್ತದೆ, ಬಿಟ್ಟಾಗ ಇಳಿಯುತ್ತದೆ. ಆಮೇಲೆ ಅಲುಗಾಡೋದು ನಿಲ್ಲುತ್ತದೆ. ಹೊರಗೆ ಜನ ಕಿಟಕಿಯಿಂದ ಇಣುಕೋಕೆ ನೂಕಾಡುತ್ತಾರೆ: ನೀವು ನೋಡಿದ್ದಾಯ್ತಲ್ಲ, ಬಿಡಿ, ನಾವೂ ನೋಡಬೇಕು! ಸ್ಮಾರ್‌ನ ಎದೆಯ ಮೇಲೂ ನಿಜಕ್ಕೂ ಬೈಬಲ್ ಇಟ್ಟಿದ್ದರು ಅಂತ ಟ್ವೇನ್ ಆತ್ಮಕಥೆಯಲ್ಲಿ ಬರೆದಿದ್ದಾರೆ. ಒದ್ದಾಡುವವನ ಮೇಲೆ ಅಷ್ಟು ಭಾರ ಹೇರಿದ್ದು ಅವರನ್ನು ಎಷ್ಟೋ ವರ್ಷ ಕನಸಿನಲ್ಲೂ ಕಾಡಿತ್ತಂತೆ.

ನನಗೆ ಈ ಪುಸ್ತಕ ಇಷ್ಟವಾಗೋದು ಇದಕ್ಕೇ. ಇಲ್ಲಿನ ವಿಡಂಬನೆಗೆ ಉತ್ಪ್ರೇಕ್ಷೆ ಬೇಕಾಗಿಲ್ಲ, ಕಂಡದ್ದನ್ನು ಕಂಡಂತೆ ಹೇಳಿದರೆ ಸಾಕು, ಅದೂ ನಗೋದಕ್ಕೆ ಇದರಲ್ಲೇನಿದೆ ಅಂತ ಗೊತ್ತಿಲ್ಲದ ಹುಡುಗನ ಬಾಯಲ್ಲಿ ಹೇಳಿಸಿದರೆ ಸಾಕು. ಗ್ರೇಂಜರ್‌ಫೋರ್ಡ್, ಶೆಪರ್ಡ್‌ಸನ್ ಎಂಬ ಎರಡು ಮನೆತನದವರು ಬಂದೂಕು ಹಿಡಿದೇ ಚರ್ಚಿಗೆ ಬಂದು, ಸೋದರ ಪ್ರೇಮದ ಬಗ್ಗೆ ಉಪದೇಶ ಕೇಳಿ, ಬಹಳ ಚೆನ್ನಾಗಿತ್ತು ಅಂತ ಮಾತಾಡಿಕೊಂಡು ಮನೆಗೆ ಹೋಗುತ್ತಾರೆ. ಹಕ್‌ಗೆ ಅದು ಬೇಸರದ ಭಾನುವಾರ ಅಷ್ಟೇ. ಮುಂದೆ ಅವನೇ ಸ್ಟೀಮ್‌ಬೋಟ್ ಸ್ಫೋಟದ ಸುಳ್ಳು ಕಥೆ ಕಟ್ಟುತ್ತಾನೆ. ಯಾರಿಗಾದರೂ ಪೆಟ್ಟಾಯಿತಾ ಅಂತ ಅವನು ಹೋದ ಹೊಲದ ಮನೆಯ ಯಜಮಾನಿ ಆಂಟ್ ಸ್ಯಾಲಿ ಕೇಳಿದರೆ, ಇಲ್ಲ, ಒಬ್ಬ ಕರಿಯ ಸತ್ತ ಅನ್ನುತ್ತಾನೆ. ಸದ್ಯ, ಕೆಲವು ಸಲ ಜನಕ್ಕೆ ಪೆಟ್ಟಾಗುತ್ತದೆ ನೋಡು ಅಂತ ಅವಳು ಸಮಾಧಾನ ಪಡುತ್ತಾಳೆ. ಅವಳು ಕೆಟ್ಟವಳಲ್ಲ, ಊಟ ಹಾಕುವ ಒಳ್ಳೆಯ ಹೆಂಗಸು. ಅದೇ ಎದೆ ಝಲ್ಲೆನಿಸೋದು.

ಹಿಲ್ ಸ್ಟ್ರೀಟ್ ಹಿಂದೆ ನಾರ್ತ್ ಸ್ಟ್ರೀಟ್‌ನಲ್ಲಿ ಹಕ್‌ನ ಮನೆ ಇದೆ. ನಿಜಕ್ಕೂ ಅದು ಹಕ್‌ಗೆ ಮೂಲವಾದ ಟಾಮ್ ಬ್ಲಾಂಕೆನ್‌ಶಿಪ್ ಅನ್ನುವ ಬಡ ಹುಡುಗನ ಮನೆ. ಹಳೆಯದನ್ನು ಕೆಡವಿದ್ದರು, ಇದು 2007ರಲ್ಲಿ ಮತ್ತೆ ಕಟ್ಟಿದ್ದು. ಈ ಟಾಮ್‌ನ ಅಣ್ಣ ಬೆನ್ಸ್ 1847ರಲ್ಲಿ, ಓಡಿಬಂದ ಒಬ್ಬ ಗುಲಾಮನಿಗೆ ಮಿಸಿಸಿಪ್ಪಿ ನದಿಯ ಇಲಿನಾಯ್ ದಡದ ದ್ವೀಪವೊಂದರಲ್ಲಿ ಗುಟ್ಟಾಗಿ ಊಟ ಕೊಂಡೊಯ್ದು ಕೊಡುತ್ತಿದ್ದ. ಹಿಡಿದುಕೊಟ್ಟರೆ 50 ಡಾಲರ್ ಬಹುಮಾನ. ತಿನ್ನೋಕೆ ಗತಿಯಿಲ್ಲದ ಮನೆಯವನು ಅದನ್ನು ಬೇಡ ಅಂದ. ಗುಲಾಮಗಿರಿಗೆ ದೇವರ ಒಪ್ಪಿಗೆ ಇದೆ ಅಂತ ಊರಿನ ಚರ್ಚುಗಳಲ್ಲಿ ಹೇಳುತ್ತಿದ್ದ ಕಾಲ ಅದು. 31ನೇ ಅಧ್ಯಾಯದಲ್ಲಿ ಹಕ್, ತನ್ನ ಜೊತೆ ನದಿಯಲ್ಲಿ ಓಡಿಬಂದ ಗುಲಾಮ ಜಿಮ್‌ನನ್ನು ಹಿಡಿದುಕೊಡುವ ಕಾಗದ ಬರೆದು, ಕೈ ನಡುಗುತ್ತಾ ನೋಡಿ, ಸರಿ, ನರಕಕ್ಕೇ ಹೋಗ್ತೀನಿ ಅಂತ ಹರಿದುಹಾಕುತ್ತಾನಲ್ಲ, ಅವನು ನರಕವನ್ನು ನಿಜಕ್ಕೂ ನಂಬಿದ್ದಾನೆ ಅನ್ನೋದು ಮನಸ್ಸಿನಲ್ಲಿದ್ದರೆ ಮಾತ್ರ ಆ ಮಾತಿನ ತೂಕ ಗೊತ್ತಾಗುತ್ತದೆ.

ಜಿಮ್‌ನ ಕಡೆಯ ಕಥೆಗೆ ‘ಜಿಮ್ಸ್ ಜರ್ನಿ’ ಅನ್ನುವ ಪುಟ್ಟ ಮ್ಯೂಸಿಯಂಗೆ ಹೋಗಬೇಕು. ಊರಿನ ಕಪ್ಪು ಸಮುದಾಯದ ಫೇ ಡಾಂಟ್ 2013ರಲ್ಲಿ ಶುರು ಮಾಡಿದ್ದು. ಟ್ವೇನ್ ಅವರ ಚಿಕ್ಕಪ್ಪನ ಹೊಲದಲ್ಲಿ ಗುಲಾಮನಾಗಿದ್ದ, ರಾತ್ರಿ ಮಕ್ಕಳಿಗೆ ಕಥೆ ಹೇಳುತ್ತಿದ್ದ ಡೇನಿಯಲ್ ಕ್ವಾರ್ಲ್ಸ್ ಜಿಮ್‌ಗೆ ಮೂಲ. ಹ್ಯಾನಿಬಲ್‌ನ ಕಪ್ಪು ಜನರ ಬದುಕು ಇಲ್ಲಿ ಇಲ್ಲದಿದ್ದರೆ ಪ್ರವಾಸಿಗರಿಗೆ ಬೇಲಿ, ಬಣ್ಣ ಮಾತ್ರ ಉಳಿಯುತ್ತಿತ್ತು. ಪುಸ್ತಕದ ಕೊನೆಯ ಅಧ್ಯಾಯಗಳೂ ನೆನಪಾದವು. ಜಿಮ್‌ಗೆ ಬಿಡುಗಡೆ ಆಗಿಹೋಗಿದೆ ಅಂತ ಟಾಮ್ ಸಾಯರ್‌ಗೆ ಗೊತ್ತು. ಆದರೂ ಅದನ್ನು ಹೇಳದೆ, ಜಿಮ್‌ನನ್ನು ಕೂಡಿಹಾಕಿದ್ದ ಗುಡಿಸಲಿಗೆ ಇಲಿ, ಜೇಡ, ಹಾವು ತಂದು, ಅವನನ್ನು ಬಿಡಿಸುವ ಆಟ ಆಡುತ್ತಾನೆ. ಆ ಭಾಗ ಎಳೆದಂತಿದೆ ಅನ್ನುವವರು ಬಹಳ. ನನಗೆ ಹಾಗನ್ನಿಸಲ್ಲ. ಗುಲಾಮಗಿರಿ 1865ರಲ್ಲೇ ಮುಗಿದಿತ್ತು. ಅದಾಗಿ ಸುಮಾರು ಇಪ್ಪತ್ತು ವರ್ಷಕ್ಕೆ ಈ ಪುಸ್ತಕ ಬಂದಾಗಲೂ ದಕ್ಷಿಣದಲ್ಲಿ ಕಪ್ಪು ಜನರ ಸ್ವಾತಂತ್ರ್ಯದ ಜೊತೆ ಇಂಥದ್ದೇ ಆಟ ನಡೆದಿತ್ತು.

ಹೋಗುವವರು ‘ಜಿಮ್ಸ್ ಜರ್ನಿ’ ತೆರೆದಿರುವ ಸಮಯ ಮೊದಲೇ ವಿಚಾರಿಸಿಕೊಳ್ಳಿ, ಬೇರೆ ಮ್ಯೂಸಿಯಂಗಳ ಟಿಕೆಟ್‌ನಲ್ಲಿ ಅದು ಬರುತ್ತದೆ ಅಂದುಕೊಳ್ಳಬೇಡಿ. ಪುಸ್ತಕ ಪೂರ್ತಿ ಓದೋಕೆ ಪುರುಸೊತ್ತಿಲ್ಲದಿದ್ದರೆ 18, 21, 31, 32ನೇ ಅಧ್ಯಾಯಗಳನ್ನಾದರೂ ಓದಿಕೊಂಡು ಹೋಗಿ.