ಆದಾಯ ತೆರಿಗೆ ರಿಟರ್ನ್ ಸಲ್ಲಿಸಿಯಾಯ್ತು, ತೆರಿಗೆ ಬಾಕಿ ಉಳಿದಿದೆ: ಯಾವಾಗ, ಹೇಗೆ ಕಟ್ಟಬೇಕು?

ಪುಣೆಯ ಹಿಂಜವಡಿಯಲ್ಲಿ ವರ್ಷದ ನಡುವೆ ಕಂಪನಿ ಬದಲಿಸುವ ಕನ್ನಡಿಗರು ಬಹಳ. ಹಳೆಯ ಸಂಬಳದ ವಿವರವನ್ನು ಹೊಸ ಕಂಪನಿಗೆ ಕೊಡದಿದ್ದರೆ ಎರಡೂ ಕಡೆ ಸ್ಲ್ಯಾಬ್ (ಆದಾಯದ ಹಂತಕ್ಕೆ ತಕ್ಕ ತೆರಿಗೆ ದರ) ಸೊನ್ನೆಯಿಂದ ಶುರುವಾಗುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಿಂದ ಕಳೆಯುವ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕೂಡ ಎರಡು ಸಲ ಸಿಕ್ಕಂತಾಗುತ್ತದೆ. ಜುಲೈನಲ್ಲಿ ಎರಡೂ ಕಂಪನಿಗಳ ಫಾರ್ಮ್ 16 (ಸಂಬಳ, ಮುರಿದ ತೆರಿಗೆಯ ಪ್ರಮಾಣಪತ್ರ) ಕೂಡಿಸಿದಾಗ ಬಾಕಿ ಕಾಣುತ್ತದೆ. ಅದಕ್ಕೆ ಧಾರವಾಡದ ಮನೆ ಬಾಡಿಗೆ, ಎಫ್‌ಡಿ ಬಡ್ಡಿ ಸೇರಿದರೆ ಇನ್ನಷ್ಟು. ಬಡ್ಡಿಯ ಮೇಲೆ ಬ್ಯಾಂಕು ಮುರಿಯುವುದು ಶೇ 10, ನಿಮ್ಮ ಸ್ಲ್ಯಾಬ್ ಶೇ 30 ಇರಬಹುದು. ಸಂಬಳದಲ್ಲಿ ಮಹಾರಾಷ್ಟ್ರ ಸರ್ಕಾರ ಹಿಡಿಯುವ ವೃತ್ತಿ ತೆರಿಗೆಯನ್ನು ಟಿಡಿಎಸ್ (ಮೂಲದಲ್ಲೇ ಮುರಿದ ಆದಾಯ ತೆರಿಗೆ) ಎಂದು ತೋರಿಸಬೇಡಿ.

ರಿಟರ್ನ್ ಸಲ್ಲಿಸುವಾಗ ಇಲಾಖೆಯ ಪೋರ್ಟಲ್ 'ಪೇ ನೌ', 'ಪೇ ಲೇಟರ್' ಎಂದು ಕೇಳುತ್ತದೆ. ಹಣವಿದ್ದರೆ 'ಪೇ ಲೇಟರ್' ಒತ್ತಲೇಬೇಡಿ. ಬಾಕಿ ತೆರಿಗೆಯ ಮೇಲೆ ಬಡ್ಡಿ ತಿಂಗಳಿಗೆ ಶೇ 1, ತಿಂಗಳಲ್ಲಿ ಒಂದು ದಿನ ದಾಟಿದರೂ ಪೂರ್ತಿ ತಿಂಗಳು. ಮುಂಗಡ ತೆರಿಗೆ (ವರ್ಷದ ನಡುವೆಯೇ ಕಂತಿನಲ್ಲಿ ಕಟ್ಟುವ ತೆರಿಗೆ) ಏನೂ ಕಟ್ಟದೆ 60,000 ಬಾಕಿ ಇದೆ ಎನ್ನಿ. ರಿಟರ್ನ್‌ನ ಗಡುವಾದ ಜುಲೈ 31ಕ್ಕೆ ಕಟ್ಟಿದರೆ, ಮುಂಗಡ ಕಟ್ಟದ್ದಕ್ಕೆ ಸೆಕ್ಷನ್ 234ಬಿ ಬಡ್ಡಿ ನಾಲ್ಕು ತಿಂಗಳದ್ದು, 2,400. ಮುಂಗಡ ಕಂತು ತಪ್ಪಿದ್ದಕ್ಕೆ 234ಸಿ ಅಡಿ 3,030. ರಿಟರ್ನನ್ನೂ ಹಣವನ್ನೂ ಆಗಸ್ಟ್ 1ಕ್ಕೆ ದೂಡಿದರೆ 234ಬಿ 600 ಏರುತ್ತದೆ, ರಿಟರ್ನ್ ತಡವಾದದ್ದಕ್ಕೆ 234ಎ ಇನ್ನೊಂದು 600 ಹೇರುತ್ತದೆ, ಆದಾಯ ಐದು ಲಕ್ಷ ಮೀರಿದ್ದರೆ 5,000 ತಡ ಶುಲ್ಕ ಬೇರೆ.

ಕಟ್ಟುವುದು ಸುಲಭ. ಪೋರ್ಟಲ್‌ನ ಇ-ಪೇ ಟ್ಯಾಕ್ಸ್‌ನಲ್ಲಿ ವರ್ಷ ಆರಿಸಿ, ಸೆಲ್ಫ್ ಅಸೆಸ್‌ಮೆಂಟ್ ಟ್ಯಾಕ್ಸ್ (ಕೋಡ್ 300) ಒತ್ತಿ, ತೆರಿಗೆ, ಸೆಸ್, ಬಡ್ಡಿಯನ್ನು ಬೇರೆ ಬೇರೆ ತುಂಬಿ. ಬಡ್ಡಿ ಬಿಟ್ಟು ಅಸಲನ್ನಷ್ಟೇ ಕಟ್ಟಬೇಡಿ: ಬಂದ ಹಣವನ್ನು ಇಲಾಖೆ ಮೊದಲು ಶುಲ್ಕಕ್ಕೆ, ಆಮೇಲೆ ಬಡ್ಡಿಗೆ, ಉಳಿದದ್ದನ್ನು ತೆರಿಗೆಗೆ ಹಾಕಿಕೊಳ್ಳುತ್ತದೆ. ಹಾಗಾಗಿ ತೆರಿಗೆಯೇ ಬಾಕಿ ಉಳಿಯುತ್ತದೆ. ಚಲನ್‌ನ (ಹಣ ಕಟ್ಟಿದ ರಸೀದಿ) ಏಳು ಅಂಕಿಯ ಬಿಎಸ್‌ಆರ್ ಕೋಡ್ (ಬ್ಯಾಂಕ್ ಶಾಖೆಯ ಸಂಖ್ಯೆ), ದಿನಾಂಕ, ಐದು ಅಂಕಿಯ ಕ್ರಮಸಂಖ್ಯೆಯನ್ನು ರಿಟರ್ನ್‌ನಲ್ಲಿ ತುಂಬಿ ಸಲ್ಲಿಸಿ.

ಕಟ್ಟದೆಯೇ ಸಲ್ಲಿಸಿಬಿಟ್ಟಿದ್ದೀರಾ? ರಿಟರ್ನ್ ಪರಿಶೀಲಿಸುವ ಬೆಂಗಳೂರಿನ ಕೇಂದ್ರ ಸಿಪಿಸಿಯಿಂದ ಇನ್ನೂ 143(1) ಸೂಚನೆ (ಪರಿಶೀಲನೆಯ ಫಲಿತಾಂಶ) ಬಂದಿಲ್ಲವಾದರೆ 300ರಲ್ಲೇ ಕಟ್ಟಿ, ಗಡುವಿದ್ದರೆ ಪರಿಷ್ಕೃತ ರಿಟರ್ನ್‌ನಲ್ಲಿ ಚಲನ್ ಸೇರಿಸಿ. ಡಿಮ್ಯಾಂಡ್ (ಬಾಕಿ ಕಟ್ಟಿ ಎಂಬ ಇಲಾಖೆಯ ನೋಟಿಸ್) ಬಂದ ಮೇಲೆ ದಾರಿ ಬೇರೆ. ಪೋರ್ಟಲ್‌ನ 'ಪೆಂಡಿಂಗ್ ಆಕ್ಷನ್ಸ್' ಒಳಗಿನ ಬಾಕಿ ಡಿಮ್ಯಾಂಡ್ ತೆರೆದು, ಸರಿಯೆನಿಸಿದರೆ ಅಲ್ಲಿಂದಲೇ 'ಪೇ ನೌ' ಒತ್ತಿ. ಆಗ ರೆಗ್ಯುಲರ್ ಅಸೆಸ್‌ಮೆಂಟ್ (400) ಆಗಿ ಡಿಮ್ಯಾಂಡ್ ಸಂಖ್ಯೆಯೊಂದಿಗೆ ಹಣ ಸೇರುತ್ತದೆ. ನಿಮಗಿರುವುದು 30 ದಿನ. ದಾಟಿದರೆ ತಿಂಗಳಿಗೆ ಶೇ 1 ಬಡ್ಡಿ, ಮುಂದಿನ ರಿಫಂಡ್‌ನಿಂದಲೂ ಹಿಡಿದುಕೊಳ್ಳಬಹುದು. ಲೆಕ್ಕ ತಪ್ಪಿದ್ದರೆ ಸುಮ್ಮನಿರಬೇಡಿ, ಅಲ್ಲೇ ಕಾರಣ ಬರೆದು 'ಡಿಸ್‌ಅಗ್ರೀ' ಎನ್ನಿ.

ಹೆಚ್ಚು ತಪ್ಪಾಗುವುದು ವರ್ಷದಲ್ಲಿ. 2025-26ರಲ್ಲಿ ಗಳಿಸಿದ್ದಕ್ಕೆ ಅಸೆಸ್‌ಮೆಂಟ್ ವರ್ಷ 2026-27. ಆದರೆ 2026ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ 2026-27 ಎಂದರೆ ಅದೇ ವರ್ಷ ಗಳಿಸುವ ಆದಾಯದ 'ತೆರಿಗೆ ವರ್ಷ'. ಅಂಕಿ ಒಂದೇ, ಖಾತೆ ಬೇರೆ. ಅಸೆಸ್‌ಮೆಂಟ್ ವರ್ಷ ತಪ್ಪಾಗಿದ್ದರೆ ಹಣ ಕಟ್ಟಿದ ಏಳು ದಿನದೊಳಗೆ, 300-400 ಅದಲುಬದಲಾಗಿದ್ದರೆ ಮೂವತ್ತು ದಿನದೊಳಗೆ ಪೋರ್ಟಲ್‌ನ ಚಲನ್ ಕರೆಕ್ಷನ್‌ನಲ್ಲೇ ಸರಿಪಡಿಸಿ. ಆ ದಿನಗಳು ದಾಟಿದರೆ ನಿಮ್ಮ ಅಸೆಸಿಂಗ್ ಆಫೀಸರ್‌ಗೆ (ನಿಮ್ಮ ಕಡತ ನೋಡುವ ತೆರಿಗೆ ಅಧಿಕಾರಿ) ಅರ್ಜಿ ಹಾಕಬೇಕು.